ಅಳು ಎಂಬ ಪ್ರತ್ಯಯ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆ ತಪ್ಪಿದ್ದೇ ಇಲ್ಲ. ‘ಮಾಡಿದಳು’ ಎಂದು ಕೊಟ್ಟರೆ ‘ಮಾಡು + ದ + ಅಳು’ ಎಂದು ಬರೆಯಬೇಕು. ಮೊದಲನೆಯದು ಧಾತು, ನಡುವಿನದು ಕಾಲಸೂಚಕ ಪ್ರತ್ಯಯ, ಕೊನೆಯದು ಆಖ್ಯಾತ ಪ್ರತ್ಯಯ. ಏನು ಆಯಿತು, ಯಾವಾಗ ಆಯಿತು, ಯಾರಿಂದ ಆಯಿತು, ಮೂರೂ ಒಂದೇ ಪದದ ಹೊಟ್ಟೆಯಲ್ಲಿ. ನೀವೆಲ್ಲ ಇದನ್ನು ಬಾಯಿಪಾಠ ಮಾಡಿಯೇ ಎಸ್ಸೆಸ್ಸೆಲ್ಸಿ ದಾಟಿದವರು. ಈಗ ಅದೇ ಕ್ರಮದಲ್ಲಿ ‘ಅತ್ತಳು’ ಎಂಬುದನ್ನು ಬಿಡಿಸಿ ನೋಡಿ. ಅಳು + ದ + ಅಳು. ಈ ತುದಿಗೂ ಅಳು, ಆ ತುದಿಗೂ ಅಳು, ನಡುವೆ ಆಗಿಹೋದ ಕಾಲ.

ಈ ಮಾತನ್ನು ಹೇಳಿದಾಗಲೆಲ್ಲ ಹೆಂಗಸರು ನಗುತ್ತಾರೆ. ನಕ್ಕ ಮೇಲೆ ಒಬ್ಬರಾದರೂ ‘ಅದಕ್ಕೇ ನೋಡ್ರಿ ನಮ್ಮ ಹಣೇಬರ’ ಎನ್ನುತ್ತಾರೆ. ಹಣೆಬರಹದ ಮಾತೇನೂ ಅಲ್ಲ, ಬರಹದ ಮಾತು. ಹಳಗನ್ನಡದಲ್ಲಿ ಕಣ್ಣೀರಿನ ಅಳು ‘ಅೞು’ ಆಗಿತ್ತು. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುತ್ತಿದ್ದ ಆ ಅಕ್ಷರವೇ ಬೇರೆ. ಹೆಣ್ಣನ್ನು ಹೇಳುವ ಪ್ರತ್ಯಯ ‘ಅಳ್’, ಸಾಮಾನ್ಯ ಳಕಾರದ್ದು. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಈ ಎರಡೂ ಅಕ್ಷರಗಳನ್ನು ಬೇರೆಬೇರೆಯಾಗಿಯೇ ಲೆಕ್ಕ ಹಿಡಿಯುತ್ತಾನೆ. ಅವನ ಕಾಲಕ್ಕಾಗಲೇ ೞ ಜನರ ಬಾಯಿಂದ ಜಾರತೊಡಗಿತ್ತು. ಮುಂದೆ ಅದು ಪೂರ್ತಿ ಹೋಗಿ ಳ ಒಂದೇ ಉಳಿಯಿತು. ಹೀಗೆ ನಂಟೇ ಇಲ್ಲದ ಎರಡು ಮಾತು ಒಂದೇ ವೇಷದಲ್ಲಿ ನಿಂತವು. ತಮಿಳರು ಇಂದಿಗೂ ಎರಡನ್ನೂ ಬೇರೆಯಾಗಿಯೇ ಬರೆಯುತ್ತಾರೆ.

ಇನ್ನೊಂದು ತಮಾಷೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ನಾನು ಅತ್ತೆ’ ಎಂದರೆ ಎರಡು ಅರ್ಥ. ಒಂದರಲ್ಲಿ ನಾನು ಯಾರಿಗೋ ಅತ್ತೆ, ಬಿಡಿಸಲು ಬಾರದ ನಾಮಪದ. ಇನ್ನೊಂದರಲ್ಲಿ ಮೂರು ತುಂಡಿನ ಕ್ರಿಯಾಪದ, ನಾನು ಕಣ್ಣೀರಿಟ್ಟೆ ಎಂಬ ಅರ್ಥದ್ದು. ಸೊಸೆಯಂದಿರು ಎರಡನೆಯದನ್ನು ಮೊದಲನೆಯದರ ಕಾರಣವೆಂದು ಹೇಳಬಹುದು. ವ್ಯಾಕರಣ ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಈ ಬಿಡಿಸುವ ಪಾಠದಲ್ಲಿ ಬಿಡಿಸಿದ್ದನ್ನು ಮತ್ತೆ ಕೂಡಿಸಿದರೆ ಮೊದಲಿದ್ದ ಪದ ಸಿಗುವುದಿಲ್ಲ. ಹೊಲಿಗೆ ಬಿಚ್ಚಿದ ರವಿಕೆಯನ್ನು ಮತ್ತೆ ಹೊಲಿದರೆ ಅದೇ ರವಿಕೆ ಬರಬೇಕಲ್ಲವೆ? ‘ಮಾಡು + ದ + ಅಳು’ ಎಂದು ಕೂಡಿಸಿದರೆ ‘ಮಾಡುದಳು’ ಆಗುತ್ತದೆ. ‘ಮಾಡಿದಳು’ ಪದದೊಳಗಿನ ಇಕಾರ ಎಲ್ಲಿಂದ ಬಂತು? ಬರು + ದ + ಅಳು ‘ಬಂದಳು’ ಆಗುವುದಾದರೆ ಸೊನ್ನೆ ಯಾರು ಇಟ್ಟರು? ಕೊಡು ಎಂಬುದು ಕೊಟ್ಟಳು, ಬೀಳು ಎಂಬುದು ಬಿದ್ದಳು, ಕಾಣು ಕಂಡಳು, ನಗು ನಕ್ಕಳು, ಹೊರು ಹೊತ್ತಳು. ಈ ಪಟ್ಟಿಯಲ್ಲಿ ದಕಾರವೇ ಕಾಣದ ಪದಗಳೂ ಇವೆ, ಆದರೂ ಹುಡುಗಿಯರು ಎಲ್ಲದರ ನಡುವೆ ‘ದ’ ಬರೆದು ಅಂಕ ಪಡೆಯುತ್ತಾರೆ. ಕೇಶಿರಾಜ ಇಂಥ ಮಾರ್ಪಾಡುಗಳಿಗೆ ಸೂತ್ರ ಕಟ್ಟಿಕೊಟ್ಟಿದ್ದಾನೆ. ದಕಾರ ಎಲ್ಲಿ ಟಕಾರವಾಗುತ್ತದೆ, ಎಲ್ಲಿ ತಕಾರವಾಗುತ್ತದೆ ಎಂದು ಯೋಚಿಸಿದ್ದಾನೆ. 1604ರಲ್ಲಿ ಸಂಸ್ಕೃತದಲ್ಲಿ ಕನ್ನಡ ವ್ಯಾಕರಣ ಬರೆದ ಭಟ್ಟಾಕಳಂಕನೂ ಯೋಚಿಸಿದ್ದಾನೆ. ನಮ್ಮ ಶಾಲೆಯ ಪುಸ್ತಕಗಳು ಅವರ ಕೋಷ್ಟಕವನ್ನು ಉಳಿಸಿಕೊಂಡು ಯೋಚನೆಯನ್ನು ಕೈಬಿಟ್ಟವು.

ಹಳಬರೂ ಎಲ್ಲೆಡೆ ಸರಿಯಾಗಿಯೇ ಕತ್ತರಿಸಿದರು ಎಂದಲ್ಲ. ವರ್ತಮಾನ ಕಾಲಕ್ಕೆ ಕೇಶಿರಾಜ ‘ದಪ’ ಎಂಬ ಪ್ರತ್ಯಯ ಹೇಳುತ್ತಾನೆ. ಆಮೇಲಿನ ಭಾಷಾಶಾಸ್ತ್ರಜ್ಞರು ಅದನ್ನೂ ಬಿಚ್ಚಿ, ಅದರಲ್ಲಿ ಹಿಂದಿನ ಕಾಲದ ‘ದ’ ಒಂದು, ಆಗು ಧಾತುವಿನ ಸಂಬಂಧದ ‘ಅಪ’ ಒಂದು, ಹೀಗೆ ಎರಡು ತುಂಡು ಕಂಡರು. ಒಬ್ಬರಿಗೆ ಒಡೆಯಲಾರದ ಕಾಳಾಗಿ ಕಂಡದ್ದು ಇನ್ನೊಬ್ಬರಿಗೆ ಬೇಳೆಯಾಗಿ ಕಾಣುತ್ತದೆ. ಕತ್ತರಿ ಎಲ್ಲಿಡಬೇಕು ಎಂಬುದು ಇನ್ನೂ ಮುಗಿಯದ ವಾದ. ಇದನ್ನು ಮಕ್ಕಳಿಗೆ ಹೇಳಿದರೆ ವ್ಯಾಕರಣ ಎಷ್ಟು ರುಚಿಯಾಗುತ್ತಿತ್ತು!

ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಪಿಯುಸಿಗೆ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡಳು. ಅಂಕ ಚೆನ್ನಾಗಿ ಬರುತ್ತದಂತೆ. ಬೇಸಿಗೆಯಲ್ಲಿ ದರೋಜಿಗೆ ಬಂದಾಗ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಪುಟದ ತುಂಬ ಕ್ರಿಯಾಪದಗಳು, ಒಂದೊಂದನ್ನೂ ಎರಡೆರಡು ಬಗೆಯಲ್ಲಿ ಕತ್ತರಿಸಿದ್ದಳು. ‘ಇದು ಉಸಿರಿನ ಪ್ರಕಾರ ಅತ್ತೆ, ಇದು ಅರ್ಥದ ಪ್ರಕಾರ’ ಎಂದಳು. ಮಾತಾಡು ಎಂಬುದಕ್ಕೆ ಅವರಲ್ಲಿ ‘ಪಾರ್ಲೆ’. ನಮಗೆ ಪಾರ್ಲೆ ಎಂದರೆ ಚಹಾದಲ್ಲಿ ಅದ್ದುವ ಬಿಸ್ಕತ್ತು. ‘ನಾವು ಮಾತಾಡುತ್ತೇವೆ’ ಎನ್ನಲು ‘ಪಾರ್ಲೋಂ’ ಎನ್ನಬೇಕು, ಕೊನೆಯದನ್ನು ಮೂಗಿನಲ್ಲಿ. ಉಸಿರಿನ ಪ್ರಕಾರ ಒಡೆದರೆ ‘ಪಾರ್ – ಲೋಂ’, ಅರ್ಥದ ಪ್ರಕಾರ ಒಡೆದರೆ ‘ಪಾರ್ಲ್ – ಓಂ’. ನಡುವಿನ ಲಕಾರ ಅರ್ಥದಲ್ಲಿ ತವರಿನ ಕಡೆಯದು, ಉಚ್ಚಾರದಲ್ಲಿ ಗಂಡನ ಮನೆಯದು.

ಕನ್ನಡದಲ್ಲೂ ಇದೇ ಕಥೆ. ನಮ್ಮಲ್ಲಿ ಅದು ಉಚ್ಚಾರಕ್ಕೆ ನಿಲ್ಲದೆ ಲಿಪಿಯೊಳಕ್ಕೂ ಬಂದಿದೆ. ‘ಬಂದಳು’ ಎಂಬುದನ್ನು ಅಕ್ಷರ ಅಕ್ಷರವಾಗಿ ಬಿಡಿಸಿದರೆ ಬಂ, ದ, ಳು. ಆದರೆ ಅರ್ಥದ ಗೆರೆ ಹಾಯುವುದು ‘ದ’ ಅಕ್ಷರದ ಮೈಮೇಲೆ. ಅದರೊಳಗಿನ ವ್ಯಂಜನ ದ್ ಹಿಂದಿನ ಕಾಲವನ್ನು ಹೇಳುತ್ತದೆ. ಅದರ ಮೇಲಿನ ತಲೆಕಟ್ಟು, ಅಂದರೆ ಅಕಾರ, ಮುಂದಿನ ‘ಅಳು’ ಪ್ರತ್ಯಯದ ಮೊದಲ ಸ್ವರ. ಒಂದೇ ಅಕ್ಷರದ ಒಡಲು ಕಾಲದ್ದು, ತಲೆ ಹೆಣ್ಣಿನದು. ಕತ್ತರಿ ಹಾಕಿದರೆ ಅಕ್ಷರವೇ ಕೆಡುತ್ತದೆ. ಅದಕ್ಕೇ ಪುಸ್ತಕದವರು ‘ದ’ ಎಂದು ಪೂರ್ತಿ ಬರೆದು, ಆಮೇಲೆ ‘ಅಳು’ ಎಂದೂ ಪೂರ್ತಿ ಬರೆದು, ನಡುವೆ ಒಂದು ಅಕಾರ ಲೋಪವಾಯಿತೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಇಲ್ಲದ ಅಕಾರವನ್ನು ತಂದು ಕೂರಿಸಿ ಮತ್ತೆ ಓಡಿಸಿದ ಹಾಗೆ.

ಛಂದಸ್ಸಿನ ಪಾಠಕ್ಕೆ ಹೋದರಂತೂ ಮೂರನೆಯ ಕತ್ತರಿ. ಅಲ್ಲಿ ಅರ್ಥವೂ ಬೇಡ, ಪದವೂ ಬೇಡ, ಮಾತ್ರೆ ಮಾತ್ರ. ‘ಬಂದಳು’ ಎಂದರೆ ಒಂದು ಗುರು ಎರಡು ಲಘು, ನಾಲ್ಕು ಮಾತ್ರೆ. ಗಣ ವಿಭಾಗ ಮಾಡುವಾಗ ಒಂದು ಪದದ ಬಾಲ ಮುಂದಿನ ಪದದ ತಲೆಗೆ ಅಂಟುತ್ತದೆ. ಕೇಶಿರಾಜನದು ಇನ್ನೂ ಸೊಗಸು. ಪದಗಳನ್ನು ಎಲ್ಲಿ ಬಿಡಿಸಬೇಕೆಂದು ಹೇಳುವ ಅವನ ಸೂತ್ರಗಳೇ ಕಂದಪದ್ಯದಲ್ಲಿವೆ. ಅವಕ್ಕೆ ಪ್ರಸ್ತಾರ ಹಾಕಿದರೆ ಅವನು ಬಿಡಿಸಬೇಡ ಎಂದ ಕಡೆಯಲ್ಲೇ ಗೆರೆ ಬೀಳುತ್ತದೆ.

ಅಣ್ಣನ ಮಗಳ ನೋಟ್‌ಬುಕ್ಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಫ್ರೆಂಚಿನಲ್ಲಿ ‘ಅವನು ಬಂದ’, ‘ಅವಳು ಬಂದಳು’ ಎನ್ನುವಾಗ ಕ್ರಿಯಾಪದದ ಕೊನೆ ಎರಡಕ್ಕೂ ‘ವನ್ಯೂ’ ಎಂದೇ ಕೇಳಿಸುತ್ತದೆ. ಬರೆಯುವಾಗ ಮಾತ್ರ ಹೆಂಗಸಿಗೆ ಕೊನೆಯಲ್ಲಿ ಒಂದಕ್ಷರ ಹೆಚ್ಚು ಸೇರಿಸಬೇಕು. ಆ ಅಕ್ಷರಕ್ಕೆ ದನಿಯಿಲ್ಲ. ಕಾಗದದ ಮೇಲೆ ಹೆಣ್ಣಿದ್ದಾಳೆ, ಬಾಯಲ್ಲಿಲ್ಲ. ನೂರು ಹೆಂಗಸರ ಜೊತೆ ಒಬ್ಬ ಗಂಡಸಿದ್ದರೆ ಅಷ್ಟೂ ಜನಕ್ಕೆ ಗಂಡಸರ ಬಹುವಚನವೇ. ‘ಇದೇನೇ ಇದು’ ಅಂದೆ. ‘ರೂಲ್ಸ್ ಅತ್ತೆ’ ಎಂದಳು.

ನಮ್ಮ ಕಡೆ ತೆಲುಗು ದೂರದ್ದಲ್ಲ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಅನಂತಪುರ, ಕರ್ನೂಲುಗಳ ಜೊತೆ ಕೊಡುಕೊಳ್ಳುವ ನಂಟು. ತೆಲುಗಿನಲ್ಲಿ ಗಂಡಸು ಬಂದರೆ ‘ವಚ್ಚಾಡು’. ಹೆಂಗಸು ಬಂದರೆ ‘ವಚ್ಚಿಂದಿ’; ಹಸು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಮಲಯಾಳದವರು ಈ ಗೋಜಿಗೇ ಹೋಗಿಲ್ಲ. ನಾನು, ನೀನು, ಅವನು, ಅವಳು ಯಾರೇ ಬರಲಿ ‘ವನ್ನು’ ಒಂದೇ, ಕೊನೆಯ ತುಂಡೇ ಇಲ್ಲ. ಕನ್ನಡ, ತಮಿಳು ಮಾತ್ರ ಹೆಣ್ಣಿಗೊಂದು ಸ್ವಂತ ತುಂಡು ಇಟ್ಟುಕೊಂಡವು, ಅದನ್ನು ಗಟ್ಟಿಯಾಗಿ ಉಚ್ಚರಿಸುವಂತೆಯೂ ಇಟ್ಟುಕೊಂಡವು. ಬಹುವಚನಕ್ಕೆ ಬಂದರೆ ಹೆಂಗಸರೂ ‘ಬಂದರು’, ಗಂಡಸರೂ ‘ಬಂದರು’, ಪಂಕ್ತಿಭೇದವಿಲ್ಲ. ವ್ಯಾಕರಣ ಪುಸ್ತಕದಲ್ಲಿ ನಮಗೆ ಕಡಿಮೆಯಾದದ್ದು ಏನೂ ಇಲ್ಲ.

ಬಳಕೆಯಲ್ಲಿ ಆದದ್ದೇನು ಎಂಬುದು ನಿಮಗೆ ಗೊತ್ತೇ ಇದೆ. ‘ನಮ್ಮೆಜಮಾನ್ರು ಬಂದ್ರು’, ‘ಸೊಸೆ ಬಂದ್ಳು’. ಅದಕ್ಕೂ ಕೆಳಗಿನ ಮೆಟ್ಟಿಲೊಂದಿದೆ: ‘ಹುಡುಗಿ ಬಂತು’, ಈ ಕಡೆಯ ಮಾತಿನಲ್ಲಿ ‘ಹುಡುಗಿ ಬಂದೈತಿ’. ತೆಲುಗಿನ ಸಹವಾಸವೋ, ಎಲ್ಲ ಕಡೆಯ ರೂಢಿಯೋ, ಸಾಲಿಗೆ ಹೋಗುವ ಹುಡುಗಿಯೂ ಕೊಟ್ಟಿಗೆಯ ಕರುವೂ ಒಂದೇ ಕ್ರಿಯಾಪದದಲ್ಲಿ ಬರುತ್ತವೆ. ಮುದ್ದಿಗೆ ಹಾಗನ್ನುತ್ತಾರೆ ಎಂದು ಸಮಾಧಾನ ಹೇಳುವವರಿದ್ದಾರೆ. ಗಂಡುಕೂಸಿಗೂ ‘ಅಳತೈತಿ’ ಅನ್ನುವುದುಂಟು, ನಿಜ. ಆದರೆ ಗಂಡುಹುಡುಗ ಬಲಿತ ಮೇಲೆ ‘ಬಂದಾನ’ ಆಗುತ್ತಾನೆ. ಹುಡುಗಿ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಹೋಗುವವರೆಗೂ ‘ಐತಿ’ಯಲ್ಲೇ ಇರುತ್ತಾಳೆ.

ಇದನ್ನು ಬರೆಯುತ್ತಿರುವಾಗಲೇ ನನಗೊಂದು ತೊಡಕು ಎದುರಾಗಿದೆ. ದರೋಜಿ ಎಂದರೆ ಹೊರಗಿನವರಿಗೆ ಎರಡು ನೆನಪು. ಒಂದು 1994ರಲ್ಲಿ ಘೋಷಣೆಯಾದ ಕರಡಿಧಾಮ, ಇನ್ನೊಂದು ಬುರ್ರಕಥೆ ಈರಮ್ಮ. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಓದು ಬರಹ ಕಲಿಯದೆ, ಹನ್ನೆರಡರಷ್ಟು ಜನಪದ ಮಹಾಕಾವ್ಯಗಳನ್ನು ನೆನಪಿನಲ್ಲಿ ಹೊತ್ತು ತಿರುಗಿದ ಹೆಣ್ಣುಮಗಳು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್ 12ರಂದು ತೀರಿಕೊಂಡರು.

‘ತೀರಿಕೊಂಡರು’ ಎಂದು ಬರೆದೆ, ನೋಡಿ. ‘ತೀರಿಕೊಂಡಳು’ ಎಂದು ಬರೆಯಲು ಕೈ ಬರಲಿಲ್ಲ. ನಾಡೋಜರಿಗೆ ‘ಅಳು’ ಹಚ್ಚುವುದುಂಟೆ? ಹಾಗಂತ ‘ಅರು’ ಹಚ್ಚಿದ ಕೂಡಲೇ ಹೆಣ್ಣಿನ ಗುರುತು ಅಳಿಸಿತು. ಕನ್ನಡದಲ್ಲಿ ಹೆಣ್ಣಿಗೆ ಗೌರವ ಕೊಡಬೇಕಾದರೆ ಆಕೆ ಹೆಣ್ಣೆಂಬುದನ್ನು ಕ್ರಿಯಾಪದದಿಂದ ತೆಗೆಯಬೇಕು. ಗಂಡಸಿಗೂ ಇದೇ ನಿಯಮ, ‘ಅನು’ ಹೋಗಿಯೇ ‘ಅರು’ ಬರುತ್ತದೆ. ನಮಗೊಬ್ಬರಿಗೇ ಅನ್ಯಾಯವೆಂದು ಹೇಳಲಾರೆ. ಆದರೆ ಗಂಡಸಿಗೆ ‘ಅರು’ ಮೀಸೆ ಬಂದ ಮೇಲೆ ಸುಲಭವಾಗಿ ಸಿಗುತ್ತದೆ. ಹೆಂಗಸಿಗೆ ಮುಪ್ಪೋ, ನೌಕರಿಯೋ, ಪ್ರಶಸ್ತಿಯೋ ಬರಬೇಕು.

ಹಾಡಿನೊಳಗೆ ಈ ತೊಡಕಿಲ್ಲ, ಅದೇ ನನಗೆ ಹಿಡಿಸುವುದು. ಕಾವ್ಯದಲ್ಲಿ ರಾಜನೂ ‘ಬಂದಾನ’, ರಾಣಿಯೂ ‘ಬಂದಾಳ’. ಸೀತೆಗೂ ಎಲ್ಲಮ್ಮನಿಗೂ ಅಳು ಪ್ರತ್ಯಯವೇ. ಈ ನೆಲದಲ್ಲೇ ನಡೆದ ಕುಮಾರರಾಮನ ಕಥೆಯನ್ನು ಈರಮ್ಮ ಹಾಡುತ್ತಿದ್ದರು. ಹದಿನಾಲ್ಕನೆಯ ಶತಮಾನದ ಕಂಪಿಲಿಯ ಅರಸುಕುವರ ಕುಮಾರರಾಮ. ಅವನ ಮೇಲೆ ಮನಸ್ಸಿಟ್ಟ ಮಲತಾಯಿ ರತ್ನಾಜಿ. ಅವಳು ನೋಡಿದ್ದು, ಕರೆದದ್ದು, ಸಿಟ್ಟಾದದ್ದು, ಅತ್ತದ್ದು ಎಲ್ಲವೂ ಅಳು ಪ್ರತ್ಯಯದಲ್ಲಿ. ಅವಳನ್ನು ಕೆಟ್ಟವಳೆಂದು ಹೇಳುವ ಕಥೆಯೂ ಕ್ರಿಯಾಪದದಲ್ಲಿ ಅವಳನ್ನು ‘ಬಂತು’ ಮಾಡುವುದಿಲ್ಲ. ಬುಡ್ಗ ಜಂಗಮರ ಮನೆಮಾತು ತೆಲುಗು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮನೆಯಲ್ಲಿ ಹೆಣ್ಣನ್ನು ‘ವಚ್ಚಿಂದಿ’ ಎನ್ನುವ ಭಾಷೆ, ಊರಮುಂದೆ ಹಾಡಲು ಕೂತಾಗ ಕನ್ನಡದ ‘ಬಂದಾಳ’. ಎರಡರ ನಡುವೆ ಆ ನಾಲಿಗೆ ತೊಡರಿದ್ದಿಲ್ಲ. ಆಖ್ಯಾತ ಪ್ರತ್ಯಯ ಎಂಬ ಮಾತನ್ನು ಪುಸ್ತಕದಲ್ಲಿ ಓದಿದವರಲ್ಲ.

ಈ ‘ಬಂದಾಳ’ ಎಂಬ ರೂಪದ ಬಗ್ಗೆಯೇ ನಾನು ಹೇಳಬೇಕೆಂದಿದ್ದದ್ದು. ತುಮಕೂರು ಕಡೆಯಿಂದ 1982ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ನನಗೆ ಇದನ್ನು ಕಿವಿಗೆ ಹೊಂದಿಸಿಕೊಳ್ಳಲು ಒಂದು ವರ್ಷವೇ ಹಿಡಿಯಿತು. ನಮ್ಮ ಕಡೆ ‘ಬಂದವಳೆ’ ಅನ್ನುತ್ತಾರೆ, ಪುಸ್ತಕದಲ್ಲಿ ‘ಬಂದಿದ್ದಾಳೆ’. ಇಲ್ಲಿ ‘ಬಂದಾಳ’. ಬಂದು ಈಗ ಇಲ್ಲೇ ಇದ್ದಾಳೆ, ಒಳಗೆ ಕೂತು ನೀರು ಕುಡಿಯುತ್ತಿದ್ದಾಳೆ ಎಂಬ ಅರ್ಥ. ಸುಮ್ಮನೆ ಬಂದು ಹೋದವಳಾದರೆ ‘ಬಂದಿದ್ಳು’. ಪುಸ್ತಕದ ‘ಬಂದಿದ್ದಾಳೆ’ಗೆ ನಾಲ್ಕು ಅಕ್ಷರ, ಏಳು ಮಾತ್ರೆ. ‘ಬಂದಾಳ’ಕ್ಕೆ ಮೂರು ಅಕ್ಷರ, ಐದು ಮಾತ್ರೆ. ಹೊಲದಲ್ಲಿ ಕೂಗಿ ಹೇಳಬೇಕಾದವರಿಗೆ ಎರಡು ಮಾತ್ರೆ ಉಳಿತಾಯ.

ಇದನ್ನು ಬಿಡಿಸಿದರೆ ‘ಬಂದು + ಆಳ’. ಆ ‘ಆಳ’ ಇಲ್ಲಿಯ ‘ಅದಾಳ’, ಅಂದರೆ ಇದ್ದಾಳೆ ಎಂಬುದರ ನಂಟಿನದು ಎನ್ನಿಸುತ್ತದೆ. ‘ಹೋಗಿ + ಆಳ’ ಎಂಬುದು ‘ಹೋಗ್ಯಾಳ’, ‘ಮಾಡಿ + ಆಳ’ ಎಂಬುದು ‘ಮಾಡ್ಯಾಳ’. ಇಕಾರದ ಮುಂದೆ ಆಕಾರ ಬಂದಾಗ ಯಕಾರ ಮೂಡುವುದನ್ನು ಶಾಲೆಯಲ್ಲಿ ಯಣ್‌ಸಂಧಿ ಎಂದು ಕಲಿಸುತ್ತಾರೆ. ಇತಿ + ಆದಿ ಇತ್ಯಾದಿ, ಅತಿ + ಅಂತ ಅತ್ಯಂತ. ಅದು ಸಂಸ್ಕೃತ ಸಂಧಿ, ಸಂಸ್ಕೃತ ಪದಗಳಿಗಷ್ಟೇ ಎಂದೂ ಸೇರಿಸುತ್ತಾರೆ. ದರೋಜಿ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು ದಿನಕ್ಕೆ ನೂರು ಸಲ ಆ ಕೆಲಸವನ್ನು ಅಚ್ಚಗನ್ನಡ ಪದಗಳಲ್ಲಿ ಮಾಡುತ್ತಾರೆ. ಅವರಿಗೆ ಅಂಕ ಕೊಡುವವರಿಲ್ಲ.

ಅಂಕ ಕೊಡದಿದ್ದರೆ ಬಿಡಲಿ, ಕಳೆಯದಿದ್ದರೆ ಸಾಕಿತ್ತು. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಪ್ರಬಂಧದಲ್ಲಿ ‘ನಮ್ಮಕ್ಕ ತವರಿಗೆ ಬಂದಾಳ’ ಎಂದು ಬರೆದಿದ್ದಳು. ತಿದ್ದಿದವರು ಕೆಂಪು ಶಾಯಿಯಲ್ಲಿ ಕೊನೆಯ ಳಕಾರಕ್ಕೊಂದು ಕೊಂಬು ಹಚ್ಚಿ ‘ಬಂದಾಳು’ ಮಾಡಿದ್ದರು. ಪುಸ್ತಕದ ಕನ್ನಡದಲ್ಲಿ ಕ್ರಿಯಾಪದ ಉಕಾರದಲ್ಲಿ ಮುಗಿದರೆ ಕಿವಿಗೆ ಸಮಾಧಾನ, ಅಷ್ಟೇ ಕಾರಣವಿದ್ದೀತು. ಆದರೆ ‘ಬಂದಾಳು’ ಎಂಬುದು ಅದೇ ವ್ಯಾಕರಣ ಪುಸ್ತಕದಲ್ಲಿ ಸಂಭಾವನಾರ್ಥಕ ರೂಪ. ಮಾಡಿಯಾಳು, ಹೋದಾಳು, ಬಂದಾಳು. ಬರಬಹುದು, ಬಂದರೂ ಬಂದಾಳು, ಬರದೆಯೂ ಇದ್ದಾಳು. ಒಂದು ಕೊಂಬು ಬಿದ್ದು, ಬಂದು ಪಡಸಾಲೆಯಲ್ಲಿ ಕೂತಿದ್ದ ಅಕ್ಕ ಮತ್ತೆ ಗಂಡನ ಮನೆಗೆ ಹೋದಳು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಆ ಹುಡುಗಿ ನನ್ನನ್ನು ಕೇಳಿದ್ದು ಇಷ್ಟೇ: ‘ಅಕ್ಕಾರ, ಬಂದಾಳಲ್ರೀ, ನಾ ಯಾಕ ಬಂದಾಳು ಅಂತ ಬರೀಲಿ?’ ಇದಕ್ಕಿಂತ ನೇರವಾದ ವ್ಯಾಕರಣದ ಪ್ರಶ್ನೆ ನಾನು ಕೇಳಿಲ್ಲ.

ಪ್ರಬಂಧದಲ್ಲಾದರೆ ಅರ್ಧ ಅಂಕ ಹೋಯಿತು ಎನ್ನಬಹುದು. ಎಂಬತ್ತರ ದಶಕದಲ್ಲಿ ನಮ್ಮ ಅತ್ತೆಯವರು ಇನ್‌ಲ್ಯಾಂಡ್ ಪತ್ರಗಳನ್ನು ನನ್ನಿಂದ ಬರೆಸುತ್ತಿದ್ದರು. ನಾನು ಬರುವ ಮೊದಲು ಊರಿನಲ್ಲಿ ಬರೆದುಕೊಡುವವರೊಬ್ಬರಿದ್ದರಂತೆ, ಅವರದು ಗ್ರಂಥದ ಕನ್ನಡ. ಒಮ್ಮೆ ನಾದಿನಿ ಬಾಣಂತನದಲ್ಲಿ ಜ್ವರ ಬಂದು ಮಲಗಿ ಎದ್ದಿದ್ದರು. ಅತ್ತೆಯವರು ‘ಈಗ ಆರಾಮಾಗ್ಯಾಳ’ ಎಂದು ಹೇಳಿ ಬರೆಸಿದ್ದರು. ಕಾಗದದಲ್ಲಿ ‘ಆರಾಮಾದಾಳು’ ಎಂದಾಗಿತ್ತು. ಗುಣವಾಗಿದ್ದಾಳೆ ಎಂದದ್ದು, ಗುಣವಾದರೂ ಆದೀತು ಎಂದು ತಲುಪಿತು. ಅಳಿಯ ರಾತ್ರಿ ರೈಲು ಹಿಡಿದು ಓಡಿಬಂದರು. ಅತ್ತೆಯವರು ಆಮೇಲೆ ನನ್ನಿಂದ ಬರೆಸುವಾಗ ಪ್ರತಿ ವಾಕ್ಯವನ್ನೂ ತಿರುಗಿ ಓದಿಸಿ ಕೇಳುತ್ತಿದ್ದರು. ಪದದ ಮೊದಲರ್ಧಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಕೊನೆಯ ಅಕ್ಷರಕ್ಕೆ ಕಿವಿ ನೆಟ್ಟಗಾಗುತ್ತಿತ್ತು.

ನಮ್ಮ ಶಾಲೆಯ ವ್ಯಾಕರಣದ ಕೋಷ್ಟಕದಲ್ಲಿ ಮೂರೇ ಕಾಲ. ಮಾಡುತ್ತಾಳೆ, ಮಾಡಿದಳು, ಮಾಡುವಳು. ಮೂರನೆಯದನ್ನು ನೀವು ಮನೆಯಲ್ಲಿ ಎಂದಾದರೂ ಆಡಿದ್ದೀರಾ? ನಾಳೆಯ ಅಡುಗೆಗೂ ‘ಮಾಡ್ತಾಳ’ ಎಂದೇ ಅನ್ನುತ್ತೇವೆ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು 2000ದಲ್ಲಿ ಪುಸ್ತಕವನ್ನೇ ಬರೆದರು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರೆಯುತ್ತಿದ್ದೇವೆ ಎಂಬುದು ಅವರ ವಾದ. ಕಾಗುಣಿತ ಬದಲಿಸುವ ಅವರ ಸಲಹೆಗಳು ನನಗೆ ಒಗ್ಗುವುದಿಲ್ಲ. ಆದರೆ ಕನ್ನಡದ ಕ್ರಿಯಾಪದ ಮಾಡುವ ಮೂಲ ವಿಂಗಡಣೆ ಆಗಿಹೋದದ್ದು ಮತ್ತು ಆಗಿಹೋಗದ್ದು ಎಂಬ ಎರಡೇ ಎನ್ನುವ ಮಾತು ಅಡುಗೆಮನೆಯಲ್ಲಿ ನಿಂತು ಕೇಳಿದರೆ ನಿಜವೆನ್ನಿಸುತ್ತದೆ. ಅಷ್ಟಾದರೂ ‘ಬಂದಾಳ’ ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವಿಲ್ಲ. ಆಗಿಹೋದದ್ದು, ಆದರೆ ಇನ್ನೂ ಇರುವಂಥದ್ದು. ಕೋಷ್ಟಕದಲ್ಲಿ ಇಲ್ಲದ್ದನ್ನು ಬರೆದರೆ ತಪ್ಪು ಎಂದು ತಿದ್ದುತ್ತಾರೆ. ತಿದ್ದುವವರು ಕೈಗೆ ಸಿಕ್ಕ ಹತ್ತಿರದ ಮನೆಗೆ ತಳ್ಳುತ್ತಾರೆ. ಹತ್ತಿರದ ಮನೆ ಸಂಭಾವನೆಯದು, ಅರ್ಥದಲ್ಲಿ ಅದೇ ಅತಿ ದೂರದ್ದು.

ಬಾಯಲ್ಲಿದ್ದ ಕಾವ್ಯಗಳನ್ನು ಪುಸ್ತಕ ಮಾಡಿದವರಿಗೆ ನಾವು ಋಣಿಗಳು. ಈರಮ್ಮನವರು ಹಾಡಿದವನ್ನು ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸದಿದ್ದರೆ ಅವರ ಜೊತೆಗೇ ಹೋಗುತ್ತಿದ್ದವು. ಯಾವ ಒಂದು ಪುಸ್ತಕದ ಮೇಲೂ ಬೆರಳು ಮಾಡುತ್ತಿಲ್ಲ. ಆದರೆ ಒಟ್ಟಾರೆ ಅಚ್ಚಾದ ಜನಪದ ಕಥನಗಳನ್ನು ಓದುವಾಗ ನನಗೊಂದು ಅನುಮಾನ ಬಿಡದೆ ಕಾಡುತ್ತದೆ. ಒಂದೇ ಪುಟದಲ್ಲಿ ಬಂದಾಳ, ಬಂದಾಳು, ಬಂದಾಳೆ, ಬಂದಳು ನಾಲ್ಕೂ ಕಾಣುತ್ತವೆ. ಹಾಡುವಾಗ ತಾಳಕ್ಕೆ ಬೇಕೆಂದು ಒಂದು ಸ್ವರ ಎಳೆದದ್ದುಂಟು. ತಂಬೂರಿಯ ಶ್ರುತಿ ನಿಲ್ಲುವವರೆಗೆ, ಬುರ್ರದ ಪೆಟ್ಟು ಬೀಳುವವರೆಗೆ ಕೊನೆಯ ಅಕ್ಷರವನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ಆ ಎಳೆತದಲ್ಲಿ ಳಕಾರಕ್ಕೆ ಉ ಹತ್ತಿತೋ ಓ ಹತ್ತಿತೋ ಯಾರು ಹೇಳುತ್ತಾರೆ? ಇನ್ನು ಕೆಲವು ಬರೆದುಕೊಂಡವರ ಕಿವಿಯವು, ಕೆಲವು ಕರಡು ತಿದ್ದಿದವರ ಕೊಂಬುಗಳು. ಹಾಡಿನ ಮಾತ್ರೆ, ಊರಿನ ಅರ್ಥ, ಶಾಲೆಯ ಕಾಗುಣಿತ, ಮೂರು ಕತ್ತರಿ ಒಂದೇ ಅಕ್ಷರದ ಮೇಲೆ ಬಿದ್ದಿವೆ. ಓದುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಥೆಯಲ್ಲಿ ರಾಣಿ ಬಂದು ನಿಂತಿದ್ದಾಳೋ, ಬಂದು ಹೋದಳೋ, ಬಂದರೂ ಬಂದಾಳೋ?

ಎಲ್ಲವನ್ನೂ ಒಂದೇ ಸಮ ಮಾಡಿಬಿಡಿ ಎನ್ನುವವರೂ ಇದ್ದಾರೆ. ಹೊಸಪೇಟೆಯಲ್ಲಿ ಒಂದು ಸಭೆ ಮುಗಿದ ಮೇಲೆ ಹಿರಿಯರೊಬ್ಬರು, ‘ಮಕ್ಕಳು ಓದೋ ಪುಸ್ತಕ ಅಮ್ಮಾ, ಶುದ್ಧವಾಗಿರಲಿ’ ಎಂದರು. ಶುದ್ಧ ಮಾಡುವುದಕ್ಕೆ ಮೊದಲು ಏನಿತ್ತೆಂದು ಒಂದು ಕಡೆ ಬರೆದಿಟ್ಟಿರಬೇಕಲ್ಲ. ಧ್ವನಿಮುದ್ರಣ ಇರುವ ಕಡೆ ಪುಸ್ತಕ ಬಿಚ್ಚಿಟ್ಟುಕೊಂಡು, ಒಂದೊಂದು ಕ್ರಿಯಾಪದದ ಕೊನೆಯ ಅಕ್ಷರವನ್ನು ಎರಡೆರಡು ಸಲ ಕೇಳಿ, ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಎಲ್ಲಿ ‘ಳ’ ಎಂದು ಮುಗಿದಿದೆ, ಎಲ್ಲಿ ತಾಳಕ್ಕಾಗಿ ಎಳೆದಿದೆ, ಎಲ್ಲಿ ನಿಜವಾಗಿಯೂ ‘ಆಳು’. ಇದಕ್ಕೆ ಎಂ.ಎ. ಬೇಕಿಲ್ಲ. ನನ್ನಂಥ ಹೊರಗಿನಿಂದ ಬಂದ ಕಿವಿ ಇಷ್ಟು ವರ್ಷವಾದರೂ ಪೂರ್ತಿ ಸಾಲದು. ಇಲ್ಲೇ ಹುಟ್ಟಿ ಬೆಳೆದವರು ಬೇಕು. ಪಕ್ಕದ ಮನೆಯ ಹುಡುಗಿಗೆ ಕೇಳಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾಳೆ. ಪೆನ್ಸಿಲ್ ನಾನೇ ಕೊಡಬೇಕಂತೆ.